ದೊಡ್ಡ ಗೆಂಡೆಗೆ ಮೊದಲ ಜೋಡಣೆ: ಯಾವ ಸೀಸ, ಯಾವ ದಾರ, ಯಾವ ಎರೆ

ದೊಡ್ಡ ಗೆಂಡೆಗೆಂದೇ ಗಾಳ ಹಾಕಲು ಹೊರಟವರು ಮೊದಲು ಕೇಳುವುದು ಯಾವ ರಾಡ್, ಯಾವ ರೀಲ್ ಎಂದು. ಕೇಳಬೇಕಾದದ್ದು ಇನ್ನೊಂದು ತುದಿಯಿಂದ. ಮೀನಿನ ಬಾಯಿಗೆ ಹೋಗುವುದು ಎರೆ, ಕೊಕ್ಕೆ ಮತ್ತು ಅದರ ಹಿಂದಿನ ಒಂದು ಗೇಣು ದಾರ. ಚುಚ್ಚಿದ ಕೊಕ್ಕೆಯನ್ನು ಒಳಕ್ಕೆ ಎಳೆಯುವುದು ಸೀಸ. ಇಷ್ಟು ಸರಿಯಿದ್ದರೆ ಸಾಧಾರಣ ರಾಡಿನಲ್ಲೂ ಹತ್ತು ಕಿಲೋ ಮೀನು ದಡಕ್ಕೆ ಬರುತ್ತದೆ. ಇದು ತಪ್ಪಿದ್ದರೆ ದುಬಾರಿ ರಾಡ್ ಸುಮ್ಮನೆ ಸ್ಟ್ಯಾಂಡಿನ ಮೇಲೆ ಕೂತಿರುತ್ತದೆ. ಹಾಗಾಗಿ ಇಲ್ಲಿ ಹೋಲಿಕೆ ಕೊಕ್ಕೆಯ ಕಡೆಯಿಂದ ಶುರುವಾಗಿ ದಡದ ಕಡೆಗೆ ಬರುತ್ತದೆ.

ಮೊದಲು ತಳ

ಕೆಳಗಿನ ಎಲ್ಲ ಆಯ್ಕೆಗಳೂ ಕೆರೆಯ ತಳ ಎಂಥದ್ದು ಎಂಬುದರ ಮೇಲೆ ನಿಂತಿವೆ. ಕೊಕ್ಕೆ ಇಲ್ಲದೆ ಬರೀ 85 ಗ್ರಾಂ ಸೀಸ ಕಟ್ಟಿ ಎಸೆಯಿರಿ. ಸೀಸ ನೀರಿಗೆ ಬಿದ್ದ ಕೂಡಲೇ ದಾರವನ್ನು ಬಿಗಿಯಾಗಿ ಹಿಡಿದು ಮುಳುಗಲು ಬಿಡಿ. ರಾಡಿಗೆ ಗಟ್ಟಿಯಾಗಿ ತಟ್ಟಿದರೆ ಗರಸು ಅಥವಾ ಗಟ್ಟಿ ಮಣ್ಣು. ಮೆತ್ತಗೆ ಧೊಪ್ಪೆಂದರೆ ಹೂಳು. ಏನೂ ತಟ್ಟದಿದ್ದರೆ ಸೀಸ ನೀರುಗಿಡದ ಮೇಲೆ ಕೂತಿದೆ. ಆಮೇಲೆ ನಿಧಾನವಾಗಿ ಎಳೆಯಿರಿ: ಗರಸಿನಲ್ಲಿ ರಾಡಿನ ತುದಿ ಕಟಕಟ ಕುಣಿಯುತ್ತದೆ, ಹೂಳಿನಲ್ಲಿ ಮೊದಲು ಕಚ್ಚಿಕೊಂಡು ಆಮೇಲೆ ನುಣ್ಣಗೆ ಜಾರುತ್ತದೆ, ಗಿಡವಿದ್ದರೆ ತುದಿ ಬಾಗುತ್ತಲೇ ಹೋಗಿ ತಟಕ್ಕನೆ ಬಿಡುತ್ತದೆ. ಈ ಕೆಲಸಕ್ಕೆ ಮಾತ್ರ ಎಳೆಗಳನ್ನು ಹೆಣೆದ, ಹಿಗ್ಗದ ಬ್ರೇಡ್ ದಾರವೇ ಬೇಕು. ನೈಲಾನ್ ದಾರ ಹಿಗ್ಗುವುದರಿಂದ ಈ ಸೂಕ್ಷ್ಮಗಳೆಲ್ಲ ದಾರಿಯಲ್ಲೇ ಕರಗಿಹೋಗುತ್ತವೆ. ಮೇಲೆ ಬಂದ ಸೀಸಕ್ಕೆ ಕಪ್ಪು ಕೆಸರು ಅಂಟಿ ಕೊಳೆತ ವಾಸನೆ ಬಂದರೆ ಆ ಜಾಗ ಬಿಡಿ. ಅಲ್ಲಿ ಬಿದ್ದ ಎರೆಗೂ ಅದೇ ವಾಸನೆ ಹತ್ತುತ್ತದೆ.

ಸೀಸ ಕಟ್ಟುವ ಮೂರು ಬಗೆ

ಗೆಂಡೆ ಎರೆಯನ್ನು ಹೀರುತ್ತದೆ, ಅನುಮಾನ ಬಂದರೆ ಊದಿ ಉಗುಳುತ್ತದೆ. ಕೊಕ್ಕೆ ಚುಚ್ಚಿದ ಆ ಕ್ಷಣದಲ್ಲಿ ಸೀಸದ ಭಾರ ತಾಗಿದರೆ ಬೆದರಿ ಓಡುತ್ತದೆ, ಓಡುವ ಭರದಲ್ಲಿ ಕೊಕ್ಕೆ ತಾನೇ ಆಳಕ್ಕೆ ಇಳಿಯುತ್ತದೆ. ಇದಕ್ಕೆ 70ರಿಂದ 85 ಗ್ರಾಂ ಸೀಸ ಸಾಕು. ಅದನ್ನು ಹೇಗೆ ಕಟ್ಟುತ್ತೀರಿ ಎಂಬುದರಲ್ಲೇ ವ್ಯತ್ಯಾಸ.

ಇನ್‌ಲೈನ್ ಸೀಸದಲ್ಲಿ ದಾರ ಸೀಸದ ನಡುವಿನಿಂದಲೇ ಹಾದುಹೋಗುತ್ತದೆ. ಸೀಸ ಸ್ವಿವೆಲ್‌ಗೆ (ದಾರ ತಿರುಚಿಕೊಳ್ಳದಂತೆ ಸುತ್ತುವ ಕೊಂಡಿಗೆ) ನೇರವಾಗಿ ಅಂಟಿಕೊಂಡಿರುವುದರಿಂದ ಮೀನಿಗೆ ಇಡೀ ಭಾರ ಒಮ್ಮೆಗೇ ತಾಗುತ್ತದೆ. ಗಟ್ಟಿ ತಳದಲ್ಲಿ, ಹತ್ತಿರದ ಎಸೆತಕ್ಕೆ, ಮೂರರಲ್ಲಿ ಕೊಕ್ಕೆಯನ್ನು ಚೆನ್ನಾಗಿ ನಾಟಿಸುವುದು ಇದೇ. ಹೂಳಿನಲ್ಲಿ ಮಾತ್ರ ಇದು ಕೆಲಸಕ್ಕೆ ಬಾರದು. ಸೀಸ ಮೂತಿಮುಂದಾಗಿ ಹೂತುಹೋಗುತ್ತದೆ, ಜತೆಗೆ ಕೊಕ್ಕೆಯ ದಾರವನ್ನೂ ಎಳೆದುಕೊಂಡು ಹೋಗುತ್ತದೆ. ದೂರ ಎಸೆದರೆ ಗಾಳಿಯಲ್ಲಿ ಉರುಳಿ ಸಿಕ್ಕು ಬೀಳುವುದೂ ಇದರಲ್ಲೇ ಹೆಚ್ಚು.

ಲೆಡ್ ಕ್ಲಿಪ್‌ನಲ್ಲಿ ಸೀಸ ಪಕ್ಕದಲ್ಲಿ ಪ್ಲಾಸ್ಟಿಕ್ ಕೊಂಡಿಗೆ ತೂಗುತ್ತದೆ, ಹಿಂದಿನಿಂದ ಒಂದು ರಬ್ಬರ್ ಬಾಲ ಅದನ್ನು ಹಿಡಿದಿರುತ್ತದೆ. ನೀರುಗಿಡ ಇರುವ ಕಡೆ ಇದೇ ಬೇಕು. ಸೀಸ ಗಿಡಕ್ಕೆ ಸಿಕ್ಕರೆ ರಬ್ಬರ್ ಜಾರಿ ಸೀಸ ಬಿದ್ದುಹೋಗುತ್ತದೆ, ಮೀನು ಮೇಲಕ್ಕೆ ಬರುತ್ತದೆ. ಇದರಲ್ಲಿ ಹೊಸಬರು ಕೆಡಿಸುವುದು ರಬ್ಬರನ್ನು. ಎಸೆಯುವಾಗ ಸೀಸ ಕಳಚೀತು ಎಂಬ ಭಯಕ್ಕೆ ಕೊನೆಯವರೆಗೆ ಒತ್ತಿ ತುರುಕುತ್ತಾರೆ. ಆಮೇಲೆ ಅದು ಯಾವ ಎಳೆತಕ್ಕೂ ಬಿಡುವುದಿಲ್ಲ. ಕ್ಲಿಪ್‌ನ ಮೊದಲ ಎರಡು ಮೂರು ಗೀರುಗಳವರೆಗೆ ಬಂದರೆ ಸಾಕು. ಸ್ವಿವೆಲ್ ಕ್ಲಿಪ್‌ನೊಳಗೆ ಪಿನ್ನಿನಿಂದ ನಿಂತಿದೆಯೇ ಎಂದೂ ನೋಡಿ. ಅದು ಸಡಿಲವಾಗಿದ್ದರೆ ಸೀಸ ಬೀಳುವ ಬದಲು ಇಡೀ ಕ್ಲಿಪ್ ದಾರದ ಮೇಲೆ ಓಡುತ್ತದೆ.

ಹೆಲಿಕಾಪ್ಟರ್ ಜೋಡಣೆಯಲ್ಲಿ ಸೀಸ ದಾರದ ತುದಿಯಲ್ಲಿ, ಕೊಕ್ಕೆಯ ದಾರ ಅದರ ಮೇಲೆ ಎರಡು ಮಣಿಗಳ ನಡುವೆ ಸುತ್ತುತ್ತದೆ. ಸೀಸ ಮುಂದೆ ಹಾರುವುದರಿಂದ ದೂರದ ಎಸೆತದಲ್ಲಿ ಸಿಕ್ಕು ಕಡಿಮೆ. ಹೂಳಿನಲ್ಲಿ ಇದಕ್ಕೆ ಸಾಟಿಯಿಲ್ಲ: ಸೀಸ ಹೂತುಹೋಗುತ್ತದೆ, ಕೊಕ್ಕೆಯ ದಾರ ಹೂಳಿನ ಮೇಲೆಯೇ ಉಳಿಯುತ್ತದೆ. ಹೂಳು 15 ಸೆಂ.ಮೀ. ಆಳವಿದ್ದರೆ ಮೇಲಿನ ಮಣಿಯನ್ನು ಸೀಸದಿಂದ ಅಷ್ಟೇ ಮೇಲಕ್ಕೆ ಸರಿಸಿಡಿ. ಆ ಮಣಿ ಮಿತವಾದ ಎಳೆತಕ್ಕೇ ಜಾರಿ ಬರಬೇಕು. ಬಿಗಿಯಾಗಿ ಕೂತರೆ, ದಾರ ತುಂಡಾದಾಗ ಮೀನು ಸೀಸವನ್ನು ಎಳೆದುಕೊಂಡೇ ತಿರುಗಬೇಕಾಗುತ್ತದೆ.

ಒಂದನ್ನೇ ಕೊಳ್ಳುವುದಾದರೆ ಕ್ಲಿಪ್. ನೀರುಗಿಡ ಬಿಟ್ಟರೆ ಬೇರೆ ಯಾವ ತಳದಲ್ಲೂ ಅದು ಅತ್ಯುತ್ತಮ ಅಲ್ಲ, ಆದರೆ ಯಾವ ತಳದಲ್ಲೂ ಪೂರ್ತಿ ಕೈಕೊಡುವುದಿಲ್ಲ, ಮೀನಿಗೂ ಸುರಕ್ಷಿತ. ತಳ ಪೂರ್ತಿ ಹೂಳು ಎಂದು ಖಾತ್ರಿಯಾದ ದಿನ ಹೆಲಿಕಾಪ್ಟರ್‌ಗೆ ಹೋಗಿ. ಯಾವುದನ್ನು ಕಟ್ಟಿದರೂ ನೀರಿಗೆ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಮುಖ್ಯ ದಾರ ತುಂಡಾಗಿದೆ ಎಂದುಕೊಂಡು ಕೊಕ್ಕೆಯ ದಾರವನ್ನೂ ಸೀಸವನ್ನೂ ಎರಡು ಕೈಯಲ್ಲಿ ಹಿಡಿದು ಎಳೆಯಿರಿ, ಎರಡೂ ಬೇರೆಯಾಗಲೇಬೇಕು.

ಕೊಕ್ಕೆಯ ದಾರ

ಎರೆಯನ್ನು ಕೊಕ್ಕೆಗೆ ಚುಚ್ಚದೆ, ಕೊಕ್ಕೆಯ ಬುಡದಿಂದ ಇಳಿಬಿಟ್ಟ ಎಳೆಗೆ ಪೋಣಿಸುವುದೇ ಹೇರ್ ರಿಗ್. 1980ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಲೆನ್ನಿ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್ ರೂಪಿಸಿದ್ದು. ಶುರುವಿನಲ್ಲಿ ನಿಜವಾಗಿಯೂ ತಲೆಕೂದಲನ್ನೇ ಬಳಸಿದ್ದರಿಂದ ಆ ಹೆಸರು. ಕೊಕ್ಕೆ ಖಾಲಿ ಇರುವುದರಿಂದ ಮೊನೆ ಬಾಯಿಗೆ ನೇರವಾಗಿ ತಾಗುತ್ತದೆ. ಇದಕ್ಕೆ ಬದಲಿ ಹುಡುಕುವ ಅಗತ್ಯ ಹೊಸಬರಿಗಿಲ್ಲ, ಹೋಲಿಸಬೇಕಾದದ್ದು ದಾರವನ್ನು.

ಲೇಪನವಿಲ್ಲದ ಬ್ರೇಡ್ ತೀರಾ ಮೃದು, ಎರೆ ಸಹಜವಾಗಿ ಚಲಿಸುತ್ತದೆ. ಆದರೆ ಎಸೆದಾಗ ಸೀಸಕ್ಕೆ ಸುತ್ತಿಕೊಳ್ಳುತ್ತದೆ, ಸಿಕ್ಕಾಗಿದ್ದು ದಡದಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ. ನೀರಲ್ಲಿ ಕರಗುವ ಪಿವಿಎ ಚೀಲದೊಳಗೆ ಇಡೀ ಜೋಡಣೆಯನ್ನು ಹಾಕಿ ಎಸೆಯುವುದಾದರೆ ಮಾತ್ರ ಇದು ಸರಿ. ಆ ಚೀಲವನ್ನು ಒದ್ದೆ ಕೈಯಲ್ಲಿ ಮುಟ್ಟಬೇಡಿ, ಎಸೆಯುವ ಮುಂಚೆಯೇ ತೂತು ಬೀಳುತ್ತದೆ. ಫ್ಲೋರೋಕಾರ್ಬನ್ ಗಡುಸು, ನೀರಲ್ಲಿ ಕಾಣಿಸುವುದು ಕಡಿಮೆ, ಸಿಕ್ಕಾಗುವುದಿಲ್ಲ. ಸ್ವಚ್ಛವಾದ ಗರಸಿನ ಮೇಲೆ ಚೆನ್ನ, ಉಬ್ಬುತಗ್ಗಿನ ತಳದಲ್ಲಿ ಕಮಾನಿನಂತೆ ಎದ್ದು ನಿಲ್ಲುತ್ತದೆ. ಇವೆರಡರ ನಡುವಿನದು ಲೇಪನವಿರುವ ಬ್ರೇಡ್: ಉದ್ದಕ್ಕೂ ಗಡುಸು, ಕೊಕ್ಕೆಯ ಬಳಿ ಲೇಪನ ಸುಲಿದರೆ ಮೃದು. ಮೊದಲ ಸುರುಳಿ ಇದೇ ಇರಲಿ, 20ರಿಂದ 25 ಪೌಂಡ್ ತಾಳುವಂಥದ್ದು.

ಕಟ್ಟುವುದು ಹೀಗೆ. 35 ಸೆಂ.ಮೀ. ತುಂಡಿನ ಒಂದು ತುದಿಯಲ್ಲಿ 12 ಸೆಂ.ಮೀ. ಲೇಪನ ಸುಲಿದು, ಆ ತುದಿಗೆ ಚಿಕ್ಕ ಕುಣಿಕೆ ಹಾಕಿ. ಎರೆ ಸೂಜಿಯಿಂದ 15 ಮಿ.ಮೀ. ಬಾಯ್ಲಿಯನ್ನು, ಅಂದರೆ ಹಿಟ್ಟು, ಮೊಟ್ಟೆ ಕಲಸಿ ಬೇಯಿಸಿದ ಗಟ್ಟಿ ಉಂಡೆಯನ್ನು, ಪೋಣಿಸಿ ತಡೆಕಡ್ಡಿ ಕೂರಿಸಿ. ಇನ್ನೊಂದು ತುದಿಯನ್ನು 6ನೇ ನಂಬರ್ ಕೊಕ್ಕೆಯ ಕಣ್ಣಿಗೆ ಹಿಂಬದಿಯಿಂದ, ಅಂದರೆ ಮೊನೆಗೆ ವಿರುದ್ಧ ಬದಿಯಿಂದ, ತೂರಿಸಿ. ಕೊಕ್ಕೆಯ ಬಾಗಿಗೂ ಬಾಯ್ಲಿಗೂ 5ರಿಂದ 8 ಮಿ.ಮೀ. ಅಂತರ ಇಟ್ಟು, ಎಳೆಯ ಸಮೇತ ಕಾಂಡಕ್ಕೆ ಏಳೆಂಟು ಸುತ್ತು ಬಿಗಿಯಾಗಿ ಸುತ್ತಿ, ಮತ್ತೆ ಹಿಂಬದಿಯಿಂದಲೇ ಕಣ್ಣಿಗೆ ತೂರಿಸಿ. ಈ ಕೊನೆಯ ಹೆಜ್ಜೆಯಲ್ಲಿ ಮುಂಬದಿಯಿಂದ ತೂರಿಸಿದರೆ ಕೊಕ್ಕೆ ತಿರುಗುವುದಿಲ್ಲ, ಎಲ್ಲ ಸರಿಯಿದ್ದಂತೆ ಕಂಡರೂ ಮೀನು ತಪ್ಪುತ್ತಲೇ ಇರುತ್ತದೆ. ಒದ್ದೆ ಮಾಡಿ ಬಿಗಿದ ಮೇಲೆ ಮಡಚಿದ ಟವೆಲ್ ಮೇಲೆ ಎಳೆದು ನೋಡಿ: ಮೊನೆ ತಾನೇ ಕೆಳಕ್ಕೆ ಹೊರಳಿ ಬಟ್ಟೆಗೆ ಕಚ್ಚಬೇಕು. ಕಟ್ಟಿ ಮುಗಿದಾಗ ಉದ್ದ ಗಟ್ಟಿ ತಳಕ್ಕೆ 15–18 ಸೆಂ.ಮೀ., ಹೂಳಿಗೆ 20–25 ಸೆಂ.ಮೀ. ಇರಲಿ.

ಮುಳ್ಳಿರುವ ಕೊಕ್ಕೆಯೋ, ಮುಳ್ಳಿಲ್ಲದ್ದೋ? ಅನೇಕ ಕೆರೆಗಳ ನಿಯಮವೇ ಇದನ್ನು ತೀರ್ಮಾನಿಸಿಬಿಡುತ್ತದೆ. ಆಯ್ಕೆ ನಿಮ್ಮದಾದರೆ ಚಿಕ್ಕ ಮುಳ್ಳಿನದು ಸಡಿಲ ದಾರದಲ್ಲೂ ಹಿಡಿದಿರುತ್ತದೆ. ಮುಳ್ಳಿಲ್ಲದ್ದು ಬಿಡಿಸಲು ಸುಲಭ, ಆದರೆ ಮೀನು ದಡದತ್ತ ತಿರುಗಿ ದಾರ ಸಡಿಲವಾದ ಕ್ಷಣದಲ್ಲಿ ಕಳಚುತ್ತದೆ. ಎರಡಕ್ಕಿಂತ ಹರಿತ ಮುಖ್ಯ. ಮೊನೆಯನ್ನು ಉಗುರಿನ ಮೇಲೆ ಭಾರ ಹಾಕದೆ ಎಳೆದಾಗ ಜಾರಿದರೆ ಎಸೆದುಬಿಡಿ.

ಎರೆ

ಅಗ್ಗದ್ದು, ಬೇಗ ಫಲ ಕೊಡುವುದು ಸ್ವೀಟ್‌ಕಾರ್ನ್. ಅದನ್ನು ಕೀಳಾಗಿ ಕಾಣುವವರಿಗೆ ಒಂದು ನೆನಪು: 1980ರಲ್ಲಿ ಇಂಗ್ಲೆಂಡಿನ ರೆಡ್‌ಮೈರ್ ಕೊಳದಲ್ಲಿ ಕ್ರಿಸ್ ಯೇಟ್ಸ್ ಹಿಡಿದ 51 ಪೌಂಡ್ 8 ಔನ್ಸ್ ಗೆಂಡೆ ತಿಂದದ್ದು ಇದನ್ನೇ. ಅದರ ತೊಂದರೆ ಬೇರೆ. ಸಿಕ್ಕ ಸಿಕ್ಕ ಚಿಕ್ಕ ಮೀನೆಲ್ಲ ಕಾಳನ್ನು ಕಿತ್ತು ತಿನ್ನುತ್ತದೆ, ರಾತ್ರಿಯಿಡೀ ಖಾಲಿ ಕೊಕ್ಕೆ ಕಾಯುವಂತಾಗುತ್ತದೆ. ಬಾಯ್ಲಿ ಗೆಲ್ಲುವುದು ಇಲ್ಲಿ: ಹೊರಪದರ ಗಟ್ಟಿ, ಚಿಕ್ಕ ಬಾಯಿಗೆ ಹಿಡಿಸದು, ಹನ್ನೆರಡು ಗಂಟೆ ನೀರಲ್ಲಿದ್ದರೂ ಎಳೆಯಲ್ಲಿ ಉಳಿಯುತ್ತದೆ. ಮೀನಿನ ಮೇವಿನ ಗುಳಿಗೆಯಾದ ಪೆಲೆಟ್ ಬೇಗ ಕರಗಿ ವಾಸನೆ ಹರಡುತ್ತದೆ, ಹಾಗಾಗಿ ಕೊಕ್ಕೆಗಿಂತ ಸುತ್ತ ಚೆಲ್ಲಲು ಹೆಚ್ಚು ಒಳ್ಳೆಯದು; ಎಣ್ಣೆ ಹೆಚ್ಚಿರುವ ಬಗೆಯನ್ನು ಚಳಿಗಾಲದಲ್ಲಿ ಬಿಡಿ. ಟೈಗರ್ ನಟ್ ಚಿಕ್ಕ ಮೀನಿನ ಕಾಟಕ್ಕೆ ಬಾಯ್ಲಿಗಿಂತಲೂ ಗಟ್ಟಿ ಮದ್ದು. ಅದನ್ನು 24 ಗಂಟೆ ನೆನೆಸಿ, ಅರ್ಧ ಗಂಟೆ ಕುದಿಸಲೇಬೇಕು. ಒಣ ಕಾಯಿ ಹಾಕಿದರೆ ಮೀನಿನ ಹೊಟ್ಟೆಯೊಳಗೆ ಉಬ್ಬುತ್ತದೆ.

ಬಾಯ್ಲಿಯಲ್ಲೇ ಮೂರು ಬಗೆ: ತಳಕ್ಕೆ ಮುಳುಗುವುದು, ಮೇಲೇಳುವ ಪಾಪ್-ಅಪ್, ನಡುವಿನ ವಾಫ್ಟರ್. ಪಾಪ್-ಅಪ್ ಗಿಡದ ಮೇಲೆ, ಎಲೆ ಕೊಳೆತ ತಳದ ಮೇಲೆ ಕಾಣಿಸುತ್ತದೆ, ಆದರೆ ಅದಕ್ಕೆ ಬೇರೆಯೇ ರಿಗ್ ಬೇಕು, ಸರಿಯಾಗಿ ಭಾರ ಹಾಕದಿದ್ದರೆ ಕೊಕ್ಕೆ ವಿಚಿತ್ರವಾಗಿ ತೇಲುತ್ತದೆ. ಮೇಲೆ ಹೇಳಿದ ಸಾದಾ ರಿಗ್‌ಗೆ ವಾಫ್ಟರ್ ಹಾಕಿ. ಕೊಕ್ಕೆಯ ತೂಕವನ್ನು ಅದು ಸರಿದೂಗಿಸುವುದರಿಂದ ಮೀನು ಹೀರಿದಾಗ ಸಡಿಲ ಎರೆಯಷ್ಟೇ ಹಗುರಾಗಿ ಬಾಯಿಗೆ ಹೋಗುತ್ತದೆ. ದಡದ ಬಟ್ಟಲಲ್ಲಿ ಕೊಕ್ಕೆ ಸಮೇತ ಮುಳುಗಿಸಿ ನೋಡಿ: ಕೊಕ್ಕೆ ತಳದಲ್ಲಿ ಮಲಗಿ, ಬಾಯ್ಲಿ ಅದರ ಮೇಲೆ ನಿಲ್ಲಬೇಕು.

ಕೊಕ್ಕೆಯ ಸುತ್ತ ಚೆಲ್ಲುವ ಎರೆಯ ಪ್ರಮಾಣದಲ್ಲಿ ತಪ್ಪುವವರೇ ಹೆಚ್ಚು. ಹಾಕಿದ್ದನ್ನು ವಾಪಸ್ ತೆಗೆಯಲಾಗದು. ಇಪ್ಪತ್ತು ಬಾಯ್ಲಿಯಿಂದ ಶುರು ಮಾಡಿ, ಮೀನು ಬಂದ ಮೇಲೆ ಅಷ್ಟೇ ಮತ್ತೆ ಹಾಕಿ. ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಕೊಕ್ಕೆಯ ಪಕ್ಕ ಒಂದು ಹಿಡಿಯೂ ಹೆಚ್ಚೇ.

ಮುಖ್ಯ ದಾರ, ರಾಡ್, ರೀಲ್

ದಾರದ ಮಟ್ಟಿಗೆ ಗೊಂದಲ ಬೇಡ: 0.35 ಮಿ.ಮೀ. ನೈಲಾನ್, ಸುಮಾರು 15 ಪೌಂಡ್. ಅದು ಹಿಗ್ಗುತ್ತದೆ, ದಡದ ಬಳಿ ಮೀನು ಧಡಕ್ಕನೆ ಧುಮುಕಿದಾಗ ಆ ಹಿಗ್ಗೇ ಕೊಕ್ಕೆಯನ್ನು ಉಳಿಸುತ್ತದೆ. ಫ್ಲೋರೋಕಾರ್ಬನ್ ಭಾರ, ತಳಕ್ಕೆ ಅಂಟಿ ಮಲಗುತ್ತದೆ, ಆದರೆ ರೀಲಿನಿಂದ ಸುರುಳಿಯಾಗಿ ಚಿಮ್ಮುತ್ತದೆ, ಒಣಗಂಟು ಹಾಕಿದರೆ ಗಂಟಿನಲ್ಲೇ ತುಂಡಾಗುತ್ತದೆ. ಬ್ರೇಡ್ ಹಿಗ್ಗದು, ಗರಸಿಗೆ ಉಜ್ಜಿದರೆ ಬೇಗ ಹರಿಯುತ್ತದೆ, ಎಷ್ಟೋ ಕೆರೆಗಳಲ್ಲಿ ಮುಖ್ಯ ದಾರವಾಗಿ ನಿಷಿದ್ಧ. ಸೀಸದ ಮೇಲಿನ ಅರ್ಧ ಮೀಟರ್‌ಗೆ ರಬ್ಬರ್ ಟ್ಯೂಬ್ ತೊಡಿಸಿ. ದಾರ ಮೀನಿನ ಪಕ್ಕೆಯ ಪೊರೆಗಳನ್ನು ಎಬ್ಬಿಸುವುದಿಲ್ಲ. ಇದೇ ಕೆಲಸಕ್ಕೆ ಮಾರುವ, ಒಳಗೆ ಸೀಸದ ಎಳೆಯಿರುವ ಲೆಡ್‌ಕೋರ್ ದಾರ ಹೊಸಬರ ಕೈಗೆ ಬೇಡ. ತಪ್ಪಾಗಿ ಕಟ್ಟಿದರೆ ಅದು ಮೀನಿನ ಹಿಂದೆ ಹಗ್ಗದಂತೆ ಉಳಿದುಬಿಡುತ್ತದೆ.

ರಾಡ್ 12 ಅಡಿಯದು, ಟೆಸ್ಟ್ ಕರ್ವ್ 2.75ರಿಂದ 3 ಪೌಂಡ್. ಅಂದರೆ ಅಷ್ಟು ಭಾರಕ್ಕೆ ತುದಿ ಲಂಬಕೋನಕ್ಕೆ ಬಾಗುತ್ತದೆ, 85 ಗ್ರಾಂ ಸೀಸವನ್ನು ನಿರಾಳವಾಗಿ ಎಸೆಯುತ್ತದೆ. 3.5 ಪೌಂಡಿನದು ದೂರ ಎಸೆಯಲು ಸರಿ, ಹತ್ತಿರ ಬಂದ ಮೀನಿನ ಬಾಯಿಯಿಂದ ಕೊಕ್ಕೆ ಕಿತ್ತುಬಿಡುತ್ತದೆ. ಮರಗಳು ಬಾಗಿದ ದಡದಲ್ಲಿ 10 ಅಡಿಯದು ವಾಸಿ. ರೀಲಿನಲ್ಲಿ ಫ್ರೀ-ಸ್ಪೂಲ್ ಬಗೆಯೇ ಶುರುವಿಗೆ ಸುಲಭ: ಹಿಂದಿನ ಸನ್ನೆ ಎತ್ತಿದರೆ ದಾರ ಸಲೀಸಾಗಿ ಹೋಗುತ್ತದೆ, ಹಿಡಿ ತಿರುಗಿಸಿದರೆ ಬಿಗಿಯಾಗುತ್ತದೆ. ದಾರವನ್ನು ತಡೆಯುವ, ರೀಲಿನ ಮುಂಭಾಗದ ಬಿಗಿಯನ್ನು ಮೊದಲೇ ಹೊಂದಿಸದೆ ಪೂರ್ತಿ ತಿರುಗಿಸಿಟ್ಟವರು ಹಿಡಿ ತಿರುಗಿಸಿದ ಕೂಡಲೇ ದಾರ ಕಳೆದುಕೊಳ್ಳುತ್ತಾರೆ. ಬಿಗ್ ಪಿಟ್ ರೀಲಿನ ಅಗಲ ಸ್ಪೂಲಿನಿಂದ ಲಾಭ ಕಾಣುವುದು ನೂರು ಮೀಟರ್ ದಾಟಿದ ಎಸೆತಗಳಲ್ಲಿ, ಬಹುಪಾಲು ಗೆಂಡೆಗಳು ಮೇಯುವುದು ಅದಕ್ಕಿಂತ ಈಚೆಗೆ. ಮೀನು ಕಚ್ಚಿದ್ದನ್ನು ತಿಳಿಸುವ ಅಲಾರಂಗಳ ಬಗ್ಗೆ ಹೇಳಲು ಹೆಚ್ಚಿಲ್ಲ, ನೀರು ನುಗ್ಗದಿದ್ದರೆ ಸಾಕು.

ಉಳಿಸಿದ ಹಣ ಬಲೆಯ ಮೇಲೂ ಮೀನನ್ನು ಮಲಗಿಸುವ ಹಾಸಿನ ಮೇಲೂ ಖರ್ಚಾಗಲಿ. ಬಲೆಯ ತೋಳು 42 ಇಂಚು. ಅದಕ್ಕಿಂತ ಚಿಕ್ಕದರಲ್ಲಿ ದೊಡ್ಡ ಮೀನು ಅರ್ಧ ಹೊರಗೇ ಉಳಿದು ಒದೆಯುತ್ತದೆ. ಹಾಸು ಚಪ್ಪಟೆಯದಕ್ಕಿಂತ ಸುತ್ತ ಗೋಡೆಯಿರುವ ತೊಟ್ಟಿಲಿನಂಥದ್ದು ಮೇಲು, ಒದ್ದಾಡಿದ ಮೀನು ನೆಲಕ್ಕೆ ಉರುಳುವುದಿಲ್ಲ. ಮೀನನ್ನು ಇಳಿಸುವ ಮುಂಚೆ ಹಾಸನ್ನೂ ಕೈಯನ್ನೂ ನೆನೆಸಿ, ಒಣ ಮೇಲ್ಮೈ ಮೀನಿನ ಲೋಳೆಯನ್ನು ಕಿತ್ತುಹಾಕುತ್ತದೆ. ತೂಗುವ ಚೀಲವನ್ನೂ ಮೊದಲೇ ನೀರಲ್ಲಿ ಅದ್ದಿ, ಅದನ್ನು ತಕ್ಕಡಿಗೆ ನೇತುಹಾಕಿದ ಮೇಲೆಯೇ ಮುಳ್ಳನ್ನು ಸೊನ್ನೆಗೆ ತನ್ನಿ. ಒಣ ಚೀಲದಲ್ಲಿ ಸೊನ್ನೆ ಮಾಡಿದರೆ ಚೀಲ ಕುಡಿದ ನೀರೂ ಮೀನಿನ ತೂಕಕ್ಕೆ ಸೇರುತ್ತದೆ.