ರೇ ಸಿಂಡ್ರೋಮ್ ಕೋಡಿಂಗ್‌ಗೆ ಸಿಡಿಸಿಯ ಉಚಿತ ಹುಡುಕಾಟ ಸಾಧನ: ಬಳಕೆದಾರರ ವಿಮರ್ಶೆ

ಅಮೆರಿಕದ ಆಸ್ಪತ್ರೆಗಳ ಚಾರ್ಟ್‌ಗಳನ್ನು ಬೆಂಗಳೂರಿನಲ್ಲಿ ಕುಳಿತು ಕೋಡ್ ಮಾಡುವವರಿಗೆ, ಅಂದರೆ ವೈದ್ಯರು ದಾಖಲಿಸಿದ ರೋಗಗಳಿಗೆ ವಿಮಾ ಕ್ಲೇಮ್‌ಗಾಗಿ ಸಂಕೇತಗಳನ್ನು ಕೊಡುವವರಿಗೆ, ರೇ ಸಿಂಡ್ರೋಮ್ ಎದುರಾಗುವುದು ತೀರಾ ಅಪರೂಪ. ಫ್ಲೂ ಅಥವಾ ಚಿಕನ್‌ಪಾಕ್ಸ್‌ನಿಂದ ಚೇತರಿಸಿಕೊಳ್ಳುತ್ತಿರುವ ಮಗುವಿನ ಮಿದುಳು ಊದಿಕೊಂಡು, ಯಕೃತ್ತಿನಲ್ಲಿ ಕೊಬ್ಬು ತುಂಬುವ ಈ ಕಾಯಿಲೆಯನ್ನು ಸಿಡ್ನಿಯ ಡಾ. ಡಗ್ಲಾಸ್ ರೇ ಮತ್ತು ಸಹೋದ್ಯೋಗಿಗಳು 1963ರಲ್ಲಿ ವಿವರಿಸಿದರು; ಆಸ್ಪಿರಿನ್‌ನೊಂದಿಗಿನ ನಂಟು ಬೆಳಕಿಗೆ ಬಂದು, ಮಕ್ಕಳಿಗೆ ಅದನ್ನು ಕೊಡುವುದು ಕಡಿಮೆಯಾದ ಮೇಲೆ ಪ್ರಕರಣಗಳೂ ಇಳಿದವು. ಕೈರೂಢಿ ಇಲ್ಲದ ಇಂಥ ಕೋಡ್‌ಗೆ ನಾನು ನೆಚ್ಚುವುದು ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಸ್ಥೆ ಸಿಡಿಸಿಯ ಐಸಿಡಿ-10-ಸಿಎಂ (ಅಲ್ಲಿ ಬಳಸುವ ರೋಗ ಸಂಕೇತಗಳ ಪಟ್ಟಿ) ಹುಡುಕಾಟ ಸಾಧನವನ್ನು. ಇದಕ್ಕೆ ಶುಲ್ಕವಿಲ್ಲ, ಅಕ್ಟೋಬರ್ 1ರಂದು ಆರಂಭವಾಗುವ ಆಯಾ ವರ್ಷದ ಆವೃತ್ತಿಯನ್ನು ಆರಿಸಿಕೊಳ್ಳಬಹುದು.

ಹುಡುಕಿದರೆ ಸಿಗುವುದು ನರಮಂಡಲದ ಅಧ್ಯಾಯದಲ್ಲಿರುವ ಕೋಡ್ ಜಿ93.7. ಯಕೃತ್ತಿನ ಕಾಯಿಲೆಯೆಂದು ಕೆ70–ಕೆ77ರ ಗುಂಪಿಗೆ ಹೋದವರನ್ನೂ ಅಲ್ಲಿನ ಟಿಪ್ಪಣಿ ನರಮಂಡಲದ ಅಧ್ಯಾಯಕ್ಕೇ ಕಳುಹಿಸುತ್ತದೆ. ಈ ಸಾಧನದ ನಿಜವಾದ ಬೆಲೆ ತಿಳಿಯುವುದು ಕೋಡ್‌ನ ಕೆಳಗಿನ ಸೂಚನೆಗಳಲ್ಲಿ. ವೈದ್ಯರು ಹೇಳಿದ ಪ್ರಮಾಣದಲ್ಲೇ ಕೊಟ್ಟ ಆಸ್ಪಿರಿನ್ ಕಾರಣವೆಂದು ದಾಖಲಾಗಿದ್ದರೆ ಜಿ93.7 ಮೊದಲು, ಆಸ್ಪಿರಿನ್‌ನ ಅಡ್ಡಪರಿಣಾಮ ಸೂಚಿಸುವ ಟಿ39.015ಎ ಅನಂತರ, ಮಗು ಅಕಸ್ಮಾತ್ತಾಗಿ ಮಾತ್ರೆ ನುಂಗಿದ್ದರೆ ಆಸ್ಪಿರಿನ್ ವಿಷಪ್ರಾಶನ ಸೂಚಿಸುವ ಟಿ39.011ಎ ಮೊದಲು ಬರಬೇಕು. ಟಿ ಕೋಡ್‌ನ ಆರನೆಯ ಸ್ಥಾನದ ಅಂಕಿಯೊಂದು ಬದಲಾದರೆ ಇಡೀ ಕ್ರಮವೇ ತಲೆಕೆಳಗಾಗುತ್ತದೆ, ಕ್ಲೇಮ್‌ನ ಗತಿಯೂ ಅದರೊಂದಿಗೆ.

ಕೊರತೆಯೆಂದರೆ, ಅಧಿಕೃತ ಮಾರ್ಗಸೂಚಿಯನ್ನು ಬೇರೆ ಕಡತದಲ್ಲಿ ತೆರೆದು ಓದಬೇಕು. ಡಿಸ್ಚಾರ್ಜ್ ಸಾರಾಂಶದಲ್ಲಿ ‘ರೇ ಸಿಂಡ್ರೋಮ್ ಇರುವ ಸಂಭವ’ ಎಂದಿದ್ದರೆ ಒಳರೋಗಿಗೆ ಅದನ್ನು ಖಚಿತ ರೋಗದಂತೆಯೇ ಕೋಡ್ ಮಾಡಬಹುದು, ಹೊರರೋಗಿಗೆ ಮಾತ್ರ ಲಕ್ಷಣಗಳನ್ನಷ್ಟೇ ಹಾಕಬೇಕು. ಹೊಸಬರು ಹೆಚ್ಚಾಗಿ ಎಡವುವ ಈ ನಿಯಮ ಕೋಡ್‌ನ ಪಕ್ಕದಲ್ಲಿ ಕಾಣುವುದಿಲ್ಲ. ಮಂಪರಿನಿಂದ ಆಳವಾದ ಕೋಮಾದವರೆಗೆ ವೈದ್ಯರು ಗುರುತಿಸುವ ಹಂತಗಳಿಗೂ ಜಿ93.7ರಲ್ಲಿ ಜಾಗವಿಲ್ಲ, ಆದರೆ ಅದು ವರ್ಗೀಕರಣದ ದೋಷವೇ ಹೊರತು ಸಾಧನದ್ದಲ್ಲ.

ದಾಖಲೆ ಸೊರಗಿದ್ದರೆ ಯಾವ ಸಾಧನವೂ ನೆರವಾಗದು. ರಕ್ತದಲ್ಲಿ ಅಮೋನಿಯಾ ಏರಿದೆ, ಯಕೃತ್ತಿನ ಕಿಣ್ವವಾದ ಎಎಲ್‌ಟಿ ಮೂರು ಪಟ್ಟಾಗಿದೆ, ಬೆನ್ನುಹುರಿ ದ್ರವದಲ್ಲಿ ಬಿಳಿ ರಕ್ತಕಣಗಳು ಹೆಚ್ಚಿಲ್ಲ ಎಂಬುದೆಲ್ಲ ಲ್ಯಾಬ್ ವರದಿಯಲ್ಲಿದ್ದರೂ ರೋಗದ ಹೆಸರನ್ನು ವೈದ್ಯರೇ ಬರೆದಿರಬೇಕು, ಕೋಡರ್ ಊಹಿಸುವಂತಿಲ್ಲ. ಇದೇ ಚಿತ್ರ ಯೂರಿಯಾ ಚಕ್ರದ (ದೇಹವು ಅಮೋನಿಯಾವನ್ನು ನಿವಾರಿಸುವ ಕ್ರಿಯೆ) ಆನುವಂಶಿಕ ದೋಷಗಳಲ್ಲೂ ಕಾಣುವುದರಿಂದ ವೈದ್ಯರಿಗೆ ಕಳುಹಿಸುವ ಕ್ವೆರಿಯಲ್ಲಿ (ಸ್ಪಷ್ಟೀಕರಣದ ಪ್ರಶ್ನೆ) ಉತ್ತರವನ್ನು ಬಾಯಿಗೆ ತುರುಕದೆ, ಈ ಫಲಿತಾಂಶಗಳಿಗೆ ಸಂಬಂಧಿಸಿದ ರೋಗನಿರ್ಣಯವೇನು, ಆಸ್ಪಿರಿನ್ ಕೊಟ್ಟಿದ್ದು ಹೇಗೆ ಎಂದಷ್ಟೇ ಕೇಳಬೇಕು.