ವಿಶ್ವ ಇತಿಹಾಸದ ಜ್ಞಾನ ಅಳೆಯಲು ಯಾವ ಬಗೆಯ ಪ್ರಶ್ನೆ?

ತಿದ್ದುವುದು ಸುಲಭವಾಗಬೇಕು ಎಂದಿದ್ದರೆ ಬಹು ಆಯ್ಕೆ ಪ್ರಶ್ನೆ. ನಾಲ್ಕು ಆಯ್ಕೆಗಳ 20 ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದರೂ ಸರಾಸರಿ 5 ಸರಿಯಾಗುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಸಡಿಲ ಆಯ್ಕೆಗಳದು. ಫ್ರೆಂಚ್ ಕ್ರಾಂತಿ ಶುರುವಾದ ವರ್ಷ ಕೇಳಿ 1066, 1789, 1945, 1991 ಎಂದು ಕೊಟ್ಟರೆ ಓದದವರೂ ಊಹಿಸಿಬಿಡುತ್ತಾರೆ. 1776, 1789, 1815, 1848 ಕೊಡಿ; ಆಗ ನಿಜವಾದ ಪರೀಕ್ಷೆ. ಈ ನಾಲ್ಕೂ ಇತಿಹಾಸದಲ್ಲಿ ತೂಕವಿರುವ ವರ್ಷಗಳೇ.

ಕಾಲಾನುಕ್ರಮದಲ್ಲಿ ಜೋಡಿಸುವ ಪ್ರಶ್ನೆ ನಮ್ಮ ಮಟ್ಟಿಗೆ ಮೇಲು. ಕಾನ್‌ಸ್ಟಾಂಟಿನೋಪಲ್ ಪತನ (1453), ಕೊಲಂಬಸನ ಮೊದಲ ಯಾನ (1492), ಲೂಥರನ 95 ವಾದಗಳು (1517), ವೆಸ್ಟ್‌ಫೇಲಿಯಾ ಒಪ್ಪಂದ (1648): ಇವನ್ನು 24 ರೀತಿಯಲ್ಲಿ ಜೋಡಿಸಬಹುದು, ಹಾಗಾಗಿ ಊಹೆ ಫಲಿಸುವುದು ಅಪರೂಪ. ಇಸವಿ ನೆನಪಿಲ್ಲದವರೂ ಕಾರಣ-ಪರಿಣಾಮ ಹಿಡಿದು ಉತ್ತರ ತಲುಪಬಹುದು. ಆದರೆ ಒಂದು ಘಟನೆ ಜಾಗ ತಪ್ಪಿದ್ದಕ್ಕೆ ಪೂರ್ತಿ ಸೊನ್ನೆ ಕೊಡುವುದು ಅನ್ಯಾಯ. ನಾಲ್ಕು ಘಟನೆಗಳನ್ನು ಎರಡೆರಡಾಗಿ ಹೋಲಿಸಿದಾಗ ಸಿಗುವ ಆರು ಜೋಡಿಗಳಲ್ಲಿ ಎಷ್ಟರ ಹಿಂದು-ಮುಂದು ಸರಿಯಿದೆ ಎಂದು ಎಣಿಸಿ ಅಂಕ ಹಾಕಿ.

ಒಂದು ಪದದ ಉತ್ತರದಲ್ಲಿ ಊಹೆಗೆ ಎಡೆ ಕಡಿಮೆ, ತಕರಾರು ಹೆಚ್ಚು. ರಷ್ಯಾದ ಅಕ್ಟೋಬರ್ ಕ್ರಾಂತಿ ಅಲ್ಲಿ ಆಗ ಬಳಕೆಯಲ್ಲಿದ್ದ ಹಳೆಯ (ಜೂಲಿಯನ್) ಪಂಚಾಂಗದಲ್ಲಿ 1917ರ ಅಕ್ಟೋಬರ್ 25, ಈಗಿನ ಹೊಸದರಲ್ಲಿ (ಗ್ರೆಗೋರಿಯನ್) ನವೆಂಬರ್ 7. ಒಪ್ಪುವ ಉತ್ತರಗಳನ್ನೆಲ್ಲ ಮೊದಲೇ ಬರೆದಿಟ್ಟುಕೊಳ್ಳಿ.