ಊಟದ ಮೇಜಿಗೆ ಕ್ಲಿಯರ್ ಪಿಯು ಹಚ್ಚಿ 4 ವರ್ಷ: ಉಳಿದಿದ್ದು, ಎದ್ದು ಬಂದಿದ್ದು

ನಮ್ಮ ಊಟದ ಮೇಜಿನ ಎಡ ತುದಿಯಲ್ಲಿ ತಲೆ ಬಗ್ಗಿಸಿ, ಕಿಟಕಿ ಬೆಳಕಿಗೆ ಎದುರಾಗಿ ನೋಡಿದರೆ ಪತ್ರಿಕೆಯ ಅಕ್ಷರಗಳು ಕಾಣುತ್ತವೆ. ಕನ್ನಡಿಯಲ್ಲಿ ಕಂಡ ಹಾಗೆ, ಎಡಬಲ ತಿರುಗಿ. ಪಿಯು, ಅಂದರೆ ಮರಕ್ಕೆ ಹಚ್ಚುವ ಬಣ್ಣವಿಲ್ಲದ ಪಾಲಿಯುರೇಥೇನ್ ವಾರ್ನಿಶ್‌, ಅದರ ಕೊನೆಯ ಕೋಟ್ ಹಚ್ಚಿದ ಮೂರನೇ ದಿನ ಯಾರೋ ಅಲ್ಲಿ ಪೇಪರ್ ಇಟ್ಟು, ಅದರ ಮೇಲೊಂದು ದಪ್ಪ ಪುಸ್ತಕ ಹೇರಿದ್ದರು. ಯಾರೋ ಅಂದರೆ ನಾನೇ. ಡಬ್ಬಿಯ ಮೇಲೆ 6 ಗಂಟೆಯಲ್ಲಿ ಒಣಗುತ್ತದೆ ಅಂತ ಬರೆದಿತ್ತು. ಮೂರು ದಿನ ಆಯ್ತಲ್ಲ, ಇನ್ನೇನು ಅಂದುಕೊಂಡೆ.

ನಾನು ಬಳಸಿದ್ದು ಎಣ್ಣೆ ಆಧಾರದ, ಒಂದೇ ಡಬ್ಬಿಯ ಪಾಲಿಯುರೇಥೇನ್ ವಾರ್ನಿಶ್, ಸ್ಯಾಟಿನ್, ಅಂದರೆ ಹದವಾದ ಹೊಳಪಿನದು. ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸಿ ಸ್ಪ್ರೇ ಮಾಡುವ ಎರಡು ಡಬ್ಬಿಯ ಪಿಯು ಬೇರೆ. ಅದು ಪಳಗಿದ ಪಾಲಿಶ್ ಕೆಲಸದವರ ಕೈಯಲ್ಲೇ ಚೆನ್ನ. ಇದಾದರೆ ಬ್ರಶ್ ಹಿಡಿದು ಮನೆಯಲ್ಲೇ ಹಚ್ಚಬಹುದು. ಒಂದು ಮೇಜು, ನಾಲ್ಕು ಕುರ್ಚಿ, ಹೊರಗಿಡುವ ಒಂದು ಬೆಂಚು, ಇಷ್ಟಕ್ಕೂ ಇದನ್ನೇ ಹಚ್ಚಿದೆ. ಕಂಪನಿ ಹೆಸರು ಬೇಡ. ಈ ಜಾತಿಯ ವಾರ್ನಿಶ್‌ಗಳು ಹೆಚ್ಚುಕಮ್ಮಿ ಒಂದೇ ಥರ ನಡೆದುಕೊಳ್ಳುತ್ತವೆ.

ಮೊದಲು ಮೆಚ್ಚಿದ್ದನ್ನು ಹೇಳಿಬಿಡುತ್ತೇನೆ. ಮೇಜಿಗೆ ಹಿಂದೆ ಇದ್ದದ್ದು ಫ್ರೆಂಚ್ ಪಾಲಿಶ್, ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ನೋಡೋಕೆ ಅದರಷ್ಟು ಚಂದ ಇನ್ನೊಂದಿಲ್ಲ. ಆದರೆ ಒದ್ದೆ ಲೋಟ ಇಟ್ಟು ಮರೆತರೆ ಬಿಳಿ ಉಂಗುರ ಗ್ಯಾರಂಟಿ. ಪಿಯು ಹಚ್ಚಿದ ಮೇಲೆ ನೀರಿನ ಚಿಂತೆಯೇ ಹೋಯಿತು. ರಾತ್ರಿಯಿಡೀ ನೀರು ನಿಂತಿದ್ದರೂ ಬೆಳಿಗ್ಗೆ ಒರೆಸಿದರೆ ಗುರುತಿಲ್ಲ. ಒಲೆಯಿಂದ ಇಳಿಸಿದ ಪಾತ್ರೆಯನ್ನು ನೇರವಾಗಿ ಇಟ್ಟ ಒಂದು ಕಡೆ ಮಾತ್ರ ಮಬ್ಬು ಕಲೆ ಬಿದ್ದಿದೆ. ಅದು ವಾರ್ನಿಶ್‌ನ ತಪ್ಪಲ್ಲ.

ಈಗ ಆ ಅಕ್ಷರಗಳ ವಿಷಯ. ಇದರಲ್ಲಿ ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ. ಒಳಗಿನ ಥಿನ್ನರ್ ಗಾಳಿಗೆ ಹಾರಿಹೋಗಿ, ಮೇಲ್ಪದರ ಗಟ್ಟಿಯಾಗಲು ಶುರುವಾದರೆ ಕೈಗೆ ಅಂಟುವುದಿಲ್ಲ. ಆದರೆ ಎಣ್ಣೆಯ ಭಾಗ ಗಾಳಿಯ ಆಮ್ಲಜನಕ ಹೀರಿಕೊಂಡು ಒಳಗಿನವರೆಗೂ ನಿಧಾನವಾಗಿ ಗಟ್ಟಿಯಾಗಬೇಕು. ಅದಕ್ಕೆ ವಾರಗಳೇ ಬೇಕು. ಪೂರ್ತಿ ಗಟ್ಟಿಯಾಗಲು 30 ದಿನದವರೆಗೂ ಹಿಡಿಯಬಹುದು, ತೇವದ ಹವೆಯಲ್ಲಿ ಇನ್ನೂ ಜಾಸ್ತಿ. ಡಬ್ಬಿಯ ಮೇಲೆ ಗಂಟೆಗಳ ಲೆಕ್ಕ ದಪ್ಪಕ್ಷರದಲ್ಲಿ, ಈ ದಿನಗಳ ಲೆಕ್ಕ ಹಿಂಬದಿಯಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ. ನನ್ನ ಸಿಟ್ಟೆಲ್ಲ ಅದರ ಮೇಲೇ. ಈಗ ನಾನು ಮೇಜಿನ ಅಡಿಭಾಗದಲ್ಲಿ ಉಗುರು ಒತ್ತಿ ನೋಡುತ್ತೇನೆ. ಗುಳಿ ಬಿದ್ದರೆ ಇನ್ನೂ ಕಾಯಬೇಕು. ಮೂಗು ಹತ್ತಿರ ತಂದರೆ ವಾಸನೆ ಬರುತ್ತಿದ್ದರೂ ಅಷ್ಟೇ.

ಅಡಿಭಾಗಕ್ಕೂ ಹಚ್ಚಿದ್ದೀರಾ ಅಂತ ಕೇಳಬಹುದು. ಹೌದು, ಹಚ್ಚಲೇಬೇಕು. ಮೇಲೆ ಮಾತ್ರ ಬಳಿದರೆ ಹಲಗೆ ಎರಡು ಕಡೆ ಎರಡು ಥರ ತೇವ ಎಳೆದುಕೊಂಡು ಬಾಗಬಹುದು.

ಎರಡನೇ ಪೆಟ್ಟು ಬಿದ್ದದ್ದು ಕುರ್ಚಿಗಳಲ್ಲಿ. ಒಂದೇ ಡಬ್ಬಿ, ಒಂದೇ ಬ್ರಶ್, ಆದರೂ ಮೊದಲು ಹಚ್ಚಿದ ಕುರ್ಚಿ ಫಳಫಳ, ಕೊನೆಯದು ಬೂದಿ ಸವರಿದ ಹಾಗೆ ಮಂಕು. ಸ್ಯಾಟಿನ್, ಮ್ಯಾಟ್ ವಾರ್ನಿಶ್‌ಗಳಲ್ಲಿ ಹೊಳಪು ತಗ್ಗಿಸಲು ಸಣ್ಣ ಸಿಲಿಕಾ ಪುಡಿ ಹಾಕಿರುತ್ತಾರೆ. ಅದು ತಳಕ್ಕೆ ಇಳಿಯುತ್ತದೆ. ಕಲಕದೆ ಹಚ್ಚಿದರೆ ಮೇಲಿನದೆಲ್ಲ ಗ್ಲಾಸಿ, ತಳದ್ದೆಲ್ಲ ಮ್ಯಾಟ್. ಹಾಗಂತ ಡಬ್ಬಿ ಅಲ್ಲಾಡಿಸಬೇಡಿ, ಗುಳ್ಳೆ ತುಂಬಿಕೊಂಡು ಮರದ ಮೇಲೆ ಹಾಗೇ ಕೂತುಬಿಡುತ್ತವೆ. ಚಪ್ಪಟೆ ಕಡ್ಡಿಯಿಂದ ತಳ ಕೆರೆದು, ನಿಧಾನಕ್ಕೆ ತಿರುಗಿಸಿ. ಹಚ್ಚುವಾಗ ನಡುನಡುವೆಯೂ ಒಮ್ಮೆ. ಆ ಮಂಕು ಕುರ್ಚಿಯನ್ನು ಉಜ್ಜಿ ಮತ್ತೆ ಹಚ್ಚುವಷ್ಟು ತಾಳ್ಮೆ ಇರಲಿಲ್ಲ. ಗೋಡೆ ಕಡೆಗೆ ಇಟ್ಟಿದ್ದೇನೆ.

ಹಚ್ಚುವ ಕೆಲಸ ಕಷ್ಟವೇನಲ್ಲ, ತಯಾರಿಯೇ ಬೇಸರ. ಅರಗಿನಲ್ಲಿ ಮೇಣ ಇರುತ್ತದೆ, ಅದರ ಮೇಲೆ ಪಿಯು ಸರಿಯಾಗಿ ಹಿಡಿಯಲ್ಲ. ಹಾಗಾಗಿ ಹಳೆಯ ಪಾಲಿಶನ್ನು ಸ್ಪಿರಿಟ್‌ನಲ್ಲಿ ತೊಳೆದು ತೆಗೆದೆ. ಆಮೇಲೆ 120, 180, 220 ನಂಬರಿನ ಸ್ಯಾಂಡ್ ಪೇಪರ್ (ನಂಬರ್ ಹೆಚ್ಚಿದಷ್ಟೂ ನಯ), ಯಾವಾಗಲೂ ಮರದ ಎಳೆಯ ಉದ್ದಕ್ಕೆ. ಮೊದಲ ಕೋಟ್‌ಗೆ ಹತ್ತನೇ ಒಂದು ಭಾಗದಷ್ಟು ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಮಾಡಿಕೊಂಡೆ, ಚೆನ್ನಾಗಿ ಇಳಿಯಿತು. ಪ್ರತಿ ಕೋಟ್ ನಡುವೆ ಒಂದು ದಿನ ಬಿಟ್ಟು, 320ರ ಪೇಪರ್‌ನಲ್ಲಿ ಸುಮ್ನೆ ಸವರಿದ ಹಾಗೆ ಉಜ್ಜಿ, ಪುಡಿ ಒರೆಸಿ, ಮುಂದಿನದು. ಒಟ್ಟು ಮೂರು ತೆಳು ಕೋಟ್. ದಪ್ಪಗೆ ಎರಡರಲ್ಲೇ ಮುಗಿಸೋಣ ಅನ್ನೋ ಆಸೆ ಎಲ್ಲರಿಗೂ ಬರುತ್ತದೆ, ಅಲ್ವಾ? ಒಂದು ಕುರ್ಚಿ ಕಾಲಿನಲ್ಲಿ ಪ್ರಯತ್ನಿಸಿದೆ. ಮೇಣದಬತ್ತಿ ಕರಗಿದ ಹಾಗೆ ಇಳಿದ ಗೆರೆ ಈಗಲೂ ಅಲ್ಲಿದೆ.

ಬೆಂಚಿನ ಕಥೆ ಪೂರ್ತಿ ಸೋಲು. ಬಿಸಿಲಲ್ಲಿ ಇಟ್ಟಿದ್ದೆ. ಒಂದು ವರ್ಷ ಚೆನ್ನಾಗೇ ಇತ್ತು. ಎರಡನೇ ವರ್ಷ ತುದಿಗಳಲ್ಲಿ ಬಿಳುಪು, ಆಮೇಲೆ ಬಿಸಿಲಿಗೆ ಸುಟ್ಟ ಚರ್ಮದ ಹಾಗೆ ಹಾಳೆ ಹಾಳೆಯಾಗಿ ಎದ್ದಿತು. ಬಣ್ಣವಾದರೆ ಬಿಸಿಲನ್ನು ತಡೆಯುತ್ತದೆ. ಕ್ಲಿಯರ್ ಅದನ್ನು ಒಳಗೆ ಬಿಡುತ್ತದೆ. ಅಡಿಯಲ್ಲಿ ಮರದ ಮೇಲ್ಪದರವೇ ಹಾಳಾದ ಮೇಲೆ ವಾರ್ನಿಶ್ ಹಿಡಿದುಕೊಳ್ಳುವುದಾದರೂ ಯಾವುದನ್ನು? ಹೊರಗಿಡುವ ಮರಕ್ಕೆ ಬಿಸಿಲು ತಡೆಯುವ ಅಂಶ ಸೇರಿಸಿದ, ಮರದ ಜೊತೆ ಹಿಗ್ಗಿ ಕುಗ್ಗುವ ಬೇರೆ ವಾರ್ನಿಶ್ ಸಿಗುತ್ತದೆ. ಅದಕ್ಕೂ ಆಗಾಗ ಮರುಕೋಟ್ ಬೇಕು. ಬೆಂಚನ್ನು ಕೆರೆಯಲು ಎರಡು ಇಡೀ ದಿನ ಹಿಡಿಯಿತು.

ಕಳೆದ ವರ್ಷ ಪುಸ್ತಕದ ಶೆಲ್ಫ್‌ಗೆ ನೀರು ಆಧಾರದ ಪಿಯು ಹಚ್ಚಿ ನೋಡಿದೆ. ಡಬ್ಬಿಯಲ್ಲಿ ಹಾಲಿನ ಹಾಗೆ ಬಿಳಿ, ಒಣಗಿದರೆ ಗಾಜು. ವಾಸನೆ ಕಮ್ಮಿ, ಒಂದೇ ದಿನದಲ್ಲಿ ಎರಡು ಮೂರು ಕೋಟ್ ಮುಗಿಯುತ್ತದೆ. ಎಣ್ಣೆಯದು ಮರಕ್ಕೆ ಜೇನಿನ ಬಣ್ಣ ಕೊಡುತ್ತದೆ, ಇದು ಕೊಡಲ್ಲ. ತಿಳಿ ಬಣ್ಣದ ಮರಕ್ಕೆ ನಾನು ಇದನ್ನೇ ಆರಿಸುತ್ತೇನೆ. ತೇಗದಂಥದ್ದಕ್ಕೆ ಇದು ಸಪ್ಪೆ. ಮೊದಲ ಕೋಟ್‌ಗೆ ಮರದ ನಾರು ಎದ್ದು ಗಡ್ಡದ ಹಾಗೆ ಚುಚ್ಚುತ್ತದೆ. ಮುಂಚೆಯೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಉಜ್ಜಿಬಿಟ್ಟರೆ ಆ ತೊಂದರೆ ತುಂಬಾ ಕಮ್ಮಿ.

ಮರೆಯಬಾರದ ಒಂದು ಮಾತು. ಎಣ್ಣೆಯ ವಾರ್ನಿಶ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಸೇರಿಕೊಂಡು ಕಿಡಿಯಿಲ್ಲದೆಯೇ ಬೆಂಕಿ ಹತ್ತಬಹುದು. ಒಂದೊಂದಾಗಿ ಹೊರಗೆ ಹರವಿ ಒಣಗಿಸಿ.

ಮೇಜು ಈಗಲೂ ಗಟ್ಟಿಯಾಗಿದೆ. ಕೂತು ಬರೆಯುವ ಕಡೆ ಮೊಣಕೈ ತಾಗಿ ಹೊಳಪು ಸ್ವಲ್ಪ ಬದಲಾಗಿದೆ, ಅಷ್ಟೇ. ಸದ್ಯದಲ್ಲೇ ಉಜ್ಜಿ ಇನ್ನೊಂದು ಕೋಟ್ ಕೊಡಬೇಕು ಅಂತ ಡಬ್ಬಿ ತೆರೆದೆ. ಉಳಿದಿದ್ದ ಕಾಲು ಭಾಗದ ಮೇಲೆ ಹಾಲಿನ ಕೆನೆಯ ಹಾಗೆ ದಪ್ಪ ಪೊರೆ ಕಟ್ಟಿತ್ತು, ಅಡಿಯಲ್ಲಿ ಅಂಟು. ಅರ್ಧ ಖಾಲಿ ಡಬ್ಬಿಯೊಳಗೂ ಗಾಳಿ ಇರುತ್ತದಲ್ಲ. ಈ ಸಲ ಚಿಕ್ಕ ಡಬ್ಬಿ ತರುತ್ತೇನೆ, ಅದೇ ಮಾಲು.